ಮೇಷ್ಟ್ರ ತಪ್ಪು ವಾಕ್ಯಗಳು

ಬಾಡಿಗೆಗೆ ಕೋಣೆ ಕೇಳಲು ಬರುವವರು ಮೊದಲು ನೀರು ಹೇಗೆ ಬರುತ್ತದೆ ಅಂತ ಕೇಳುತ್ತಾರೆ, ಆಮೇಲೆ ಗಾಡಿ ಎಲ್ಲಿ ನಿಲ್ಲಿಸುವುದು ಅಂತ. ಆ ಹುಡುಗಿ ಮೊದಲು ಕೇಳಿದ್ದು ಗೋಡೆಯ ಆಚೆ ಏನಿದೆ ಅಂತ. ವೆಲ್ಡಿಂಗ್ ಶಾಪ್ ಅಂದೆ. ಅವಳ ಮುಖ ಚಿಕ್ಕದಾಯಿತು. ಮಿಕ್ಕಿದ್ದೆಲ್ಲ ಹಿಡಿಸಿದೆ, ಇದೊಂದೇ ತೊಡಕು ಅನ್ನುವುದು ನನಗೆ ಅಲ್ಲಿಗೇ ಗೊತ್ತಾಯಿತು. ಬಾಡಿಗೆ ಕೊಡುವವರಿಗೆ ಒಂದು ಮಾತು ಹೇಳುತ್ತೇನೆ: ಬಂದವರು ಬಾಯಲ್ಲಿ ಹೇಳುವ ದೂರನ್ನು ಅಷ್ಟಾಗಿ ನಂಬಬೇಡಿ, ಮುಖ ಯಾವುದಕ್ಕೆ ಚಿಕ್ಕದಾಗುತ್ತದೆ ಅದನ್ನು ನೋಡಿ.

"ಸುತ್ತಿಗೆ ಸದ್ದಿಗೆ ಹೆದರಿದೆಯೇನಮ್ಮ?" ಅಂದೆ.

"ಸದ್ದಿಗಿಂತ ಕರೆಂಟು ಸರ್. ತಲೆಯಿಂದ ಬರೋ ಕರೆಂಟು ತುಂಬಾ ಸಣ್ಣದು. ಪಕ್ಕದಲ್ಲಿ ವೆಲ್ಡಿಂಗ್ ಹೊಡೆದರೆ ಅದರಲ್ಲಿ ಮುಳುಗಿ ಹೋಗುತ್ತೆ."

"ಯಾರ ತಲೆಯಿಂದ?"

ಆಗ ಅವಳು ಕೂತು ವಿವರವಾಗಿ ಹೇಳಿದಳು. ಮೈಸೂರು ಕಡೆಯ ಹುಡುಗಿ, ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕನ್ನಡದ ಮಾತು ಕಿವಿಗೆ ಬಿದ್ದಾಗ ಮಿದುಳು ಅದರ ವ್ಯಾಕರಣವನ್ನು ಹೇಗೆ ಹಿಡಿಯುತ್ತದೆ ಅನ್ನುವುದು ಅವಳ ವಿಷಯ. ಕೇಳುವವರ ತಲೆಗೆ ತಂತಿಗಳಿರುವ ಬಟ್ಟೆಯ ಟೋಪಿ ಹಾಕಿ, ಕಿವಿಗೆ ಇಯರ್‌ಫೋನ್ ಇಟ್ಟು ವಾಕ್ಯಗಳನ್ನು ಕೇಳಿಸುವುದು. "ಅಜ್ಜಿ ಬೆಳಿಗ್ಗೆ ತೋಟಕ್ಕೆ ಹೋದಳು" ಅಂದರೆ ಮಿದುಳು ತನ್ನ ಪಾಡಿಗೆ ಮುಂದೆ ಹೋಗುತ್ತದೆ. "ಅಜ್ಜಿ ಬೆಳಿಗ್ಗೆ ತೋಟಕ್ಕೆ ಹೋದನು" ಅಂದರೆ ಕೊನೆಯ ಪದ ಬಿದ್ದ ಒಂದು ಗಳಿಗೆಯೊಳಗೆ ಅಲೆಯೊಂದು ಏಳುತ್ತದೆ. ಕೇಳಿದವನು ಬಾಯಿ ಬಿಡುವುದಕ್ಕೂ ಮುಂಚೆ. ಒಬ್ಬನ ಒಂದು ವಾಕ್ಯದಲ್ಲಿ ಅದು ಕಾಣುವುದಿಲ್ಲ, ತುಂಬ ಜನರ ತುಂಬ ವಾಕ್ಯಗಳನ್ನು ಒಟ್ಟು ಸೇರಿಸಿ ಸರಾಸರಿ ತೆಗೆದರೆ ಮೇಲೆ ಬರುತ್ತದೆ.

"ಅದಕ್ಕೆ ಇಲ್ಲಿಗ್ಯಾಕೆ ಬಂದೆ? ನಿಮ್ಮ ಕಾಲೇಜಲ್ಲಿ ತಲೆಗಳಿಲ್ವಾ?"

"ಕಾಲೇಜಿನವರು ಇಂಗ್ಲಿಷು, ಹಿಂದಿ ಎಲ್ಲ ಬೆರೆಸಿ ಬದುಕ್ತಾರೆ ಸರ್. ನನಗೆ ದಿನವೆಲ್ಲ ಕನ್ನಡ ಒಂದೇ ಆಡೋ, ಐವತ್ತು ದಾಟಿದ ರೈತಾಪಿ ಜನ ಬೇಕು."

ಅಂಥ ಜನ ನನ್ನ ಹತ್ತಿರ ಬೇಕಾದಷ್ಟಿದ್ದರು. ನನ್ನದು ಹಳೇ ಟ್ರ್ಯಾಕ್ಟರ್, ಟಿಲ್ಲರ್ ಕೊಡಿಸುವ ಮತ್ತು ಮಾರಿಸುವ ದಲ್ಲಾಳಿ ಕೆಲಸ. ಶಿಕಾರಿಪುರದ ಮಾರ್ಕೆಟ್ ಯಾರ್ಡಿಗೆ ಹೋಗುವ ರಸ್ತೆಯಲ್ಲಿ ಕೆಳಗೆ ನನ್ನ ಅಂಗಡಿ, ಮೇಲೆ ಎರಡು ಕೋಣೆ. ಇದೇ ರಸ್ತೆಯಲ್ಲಿ ಬೇರೆಯವರ ಟ್ರ್ಯಾಕ್ಟರ್ ತೊಳೆದು ಬದುಕು ಶುರು ಮಾಡಿದವನು ನಾನು. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಸೊರಬದ ಕಡೆಯವರು. ಹಾಗಾಗಿ ಕೋಣೆಯ ಜೊತೆಗೆ ಜನವನ್ನೂ ಒದಗಿಸುತ್ತೇನೆ ಅಂದೆ. ವೆಲ್ಡಿಂಗಿನವನ ಹತ್ತಿರ ಮಾತಾಡಿ, ಊಟದ ಹೊತ್ತಿನವರೆಗೆ ಕಿಡಿ ಹಾರಿಸದಂತೆ ಒಪ್ಪಿಸಿದೆ. ನನ್ನ ಟ್ರೇಲರುಗಳ ಕೆಲಸವೆಲ್ಲ ಅವನಿಗೇ ಹೋಗುತ್ತಿತ್ತು, ಆ ಮಾತನ್ನು ನಾನು ಎತ್ತಲೇ ಇಲ್ಲ. ಎತ್ತದೇ ಇದ್ದರೆ ಅದಕ್ಕೆ ತೂಕ ಜಾಸ್ತಿ.

ಇನ್ನು ದನಿ. ವಾಕ್ಯಗಳನ್ನು ಓದಲು ಸ್ವಚ್ಛವಾದ, ಈ ಭಾಗದ್ದೇ ಆದ ದನಿ ಬೇಕಿತ್ತು ಅವಳಿಗೆ. ನಾನು ಹಿಂದುಮುಂದು ನೋಡದೆ ಕುಪ್ಪಗಡ್ಡೆಯ ಮೇಷ್ಟ್ರ ಹೆಸರು ಹೇಳಿದೆ. ಸೊರಬ ತಾಲ್ಲೂಕಿನ ಶಾಲೆಗಳಲ್ಲೇ ನೌಕರಿ ಪೂರೈಸಿ ನಿವೃತ್ತರಾಗಿದ್ದವರು. ಅವರು ಓದಿದರೆ ಹಿಂದಿನ ಬೆಂಚಿನವನಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಮುಟ್ಟುತ್ತಿತ್ತು. ಸಲಹೆ ಕೇಳಿದವರಿಗೆ ಸಲಹೆ ಕೊಡದೆ ಕಳಿಸುವುದು ನನ್ನ ಕೈಲಾಗದ ಕೆಲಸ.

ಮೇಷ್ಟ್ರು ಬಂದರು. ಮೇಲಿನ ಕೋಣೆಯ ಗೋಡೆಗೆಲ್ಲ ಹಾಸಿಗೆ ಒರಗಿಸಿ, ಕಿಟಕಿಗೆ ರಗ್ಗು ಹೊಡೆದು ಮೈಕಿನ ಮುಂದೆ ಕೂರಿಸಿದಳು. ಸರಿಯಾದ ವಾಕ್ಯಗಳನ್ನು ಒಂದೇ ಉಸಿರಿಗೆ ಓದಿದರು. ತಪ್ಪು ವಾಕ್ಯ ಬಂದಾಗ ಮಾತ್ರ ಕೊನೆಯ ಪದದ ಮುಂದೆ ನಿಂತುಬಿಡುತ್ತಿದ್ದರು. ದನಿ ಇಳಿದುಹೋಗುತ್ತಿತ್ತು.

"ಸರ್, ಎರಡೂ ಒಂದೇ ಥರ ಇರಬೇಕು. ನೀವು ನಿಂತರೆ ಅಲ್ಲೇನೋ ಇದೆ ಅಂತ ಕೇಳೋರಿಗೆ ಮೊದಲೇ ಗೊತ್ತಾಗಿಬಿಡುತ್ತೆ."

"ನನ್ನ ಬಾಯಿಗೆ ಇದು ಒಗ್ಗೋದಿಲ್ಲ ತಾಯಿ. ನಿಮಗೆ ಬೇಕಾದ್ರೆ ಇವರ ಕೈಲಿ ಓದಿಸಿ," ಅಂತ ನನ್ನನ್ನು ತೋರಿಸಿದರು. "ಇವರು ಎಂಥ ಸುಳ್ಳನ್ನೂ ಉಸಿರು ಬದಲಾಗದ ಹಾಗೆ ಹೇಳ್ತಾರೆ."

"ಮೇಷ್ಟ್ರೇ, ಗಿರಾಕಿ ಮುಂದೆ ಹೇಳಬೇಡಿ," ಅಂದೆ. ಆಮೇಲೆ ಒಂದು ಮಾತು ಇಟ್ಟೆ. "ಒಂದು ಕೆಲಸ ಮಾಡೋಣ. ನೀವು ಓದೋ ಒಂದೊಂದು ತಪ್ಪು ವಾಕ್ಯಕ್ಕೂ ಅದರ ಸರಿ ವಾಕ್ಯಾನೂ ನಿಮ್ಮ ದನೀಲೇ ಇರಲಿ. ಬರೀ ತಪ್ಪು ಒಂದೇ ಹೊರಗೆ ಹೋಗೋದು ಬೇಡ. ಏನಮ್ಮ, ಇದಕ್ಕೆ ಒಪ್ತೀಯಾ?"

ಹುಡುಗಿ ನನ್ನ ಮುಖ ನೋಡಿದಳು. ಜೋಡಿ ವಾಕ್ಯಗಳು ಅವಳಿಗೆ ಹೇಗೂ ಬೇಕೇ ಇದ್ದವು, ಅದಿಲ್ಲದೆ ಅವಳ ಲೆಕ್ಕವೇ ನಡೆಯುತ್ತಿರಲಿಲ್ಲ. ಜಾಣೆ, ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ "ಆಯ್ತು ಸರ್" ಅಂದಳು. ಮೇಷ್ಟ್ರಿಗೆ ಸಮಾಧಾನವಾಯಿತು. ಹೇಗೂ ಕೊಡಲೇಬೇಕಾದ್ದನ್ನು ಬಿಟ್ಟುಕೊಟ್ಟ ಹಾಗೆ ಕೊಡುವುದಿದೆಯಲ್ಲ, ಅದಕ್ಕಿಂತ ಅಗ್ಗದ ಸಾಮಾನು ವ್ಯಾಪಾರದಲ್ಲಿ ಇಲ್ಲ. ಸಂಜೆಯ ಹೊತ್ತಿಗೆ ಮೇಷ್ಟ್ರು "ಹಸುಗಳು ಕೆರೆಯಲ್ಲಿ ನೀರು ಕುಡಿದಳು" ಅನ್ನುವುದನ್ನು ಮಗ್ಗಿ ಹೇಳಿದಷ್ಟು ನೀಟಾಗಿ ಹೇಳುತ್ತಿದ್ದರು. ಮುಗಿದ ಮೇಲೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು.

ಆಮೇಲೆ ಜನ ಬರಲು ಶುರುವಾದರು. ಕುಪ್ಪಗಡ್ಡೆಯಿಂದ, ಚಂದ್ರಗುತ್ತಿ ರಸ್ತೆಯ ಹಳ್ಳಿಗಳಿಂದ ನನ್ನ ವ್ಯಾನಿನಲ್ಲೇ ಕರೆತರುತ್ತಿದ್ದೆ. ಬಸ್ ಚಾರ್ಜಿನ ಬದಲು ವ್ಯಾನು, ಮಧ್ಯಾಹ್ನದ ಊಟ, ಅವಳು ಕೊಡುವ ಸಣ್ಣ ಗೌರವಧನ. ಮೊದಲ ದಿನವೇ ಒಂದು ಎಡವಟ್ಟಾಯಿತು. ತಲೆಯ ಪರೀಕ್ಷೆ ಅಂದಿದ್ದಕ್ಕೆ ಎಲ್ಲರೂ ತಲೆಗೆ ಚೆನ್ನಾಗಿ ಎಣ್ಣೆ ಹಚ್ಚಿ, ಬಾಚಿ ಬಂದಿದ್ದರು. ಹೆಂಗಸರು ಹೂ ಮುಡಿದಿದ್ದರು. ಎಣ್ಣೆ ಇದ್ದರೆ ಟೋಪಿಯ ತಂತಿ ಚರ್ಮಕ್ಕೆ ಹಿಡಿಯುವುದಿಲ್ಲ, ಅವಳು ಹಾಕುವ ಅಂಟಿನಂಥ ಜೆಲ್ ಜಾರಿ ಹೋಗುತ್ತದೆ. ಎಣ್ಣೆ ಹಚ್ಚದೆ ಬನ್ನಿ ಅಂತ ಫೋನು ಮಾಡಿದರೆ ಹೆಂಗಸರು ಒಪ್ಪಲಿಲ್ಲ, ಕೆದರಿದ ತಲೆಯಲ್ಲಿ ಇನ್ನೊಬ್ಬರ ಮನೆ ಮೆಟ್ಟಿಲು ಹತ್ತುವುದು ಹೇಗೆ ಅಂದರು. ಕೊನೆಗೆ ನನ್ನ ಹೆಂಡತಿ ಮೇಲಿನ ಬಚ್ಚಲಲ್ಲಿ ನೀರು ಕಾಯಿಸಿ, ಸೀಗೆಪುಡಿ ಇಟ್ಟು ಬಂದವರಿಗೆಲ್ಲ ಅಲ್ಲೇ ತಲೆಸ್ನಾನದ ಏರ್ಪಾಟು ಮಾಡಿದಳು. ಪರೀಕ್ಷೆ ಮುಗಿದ ಮೇಲೆ ಜೆಲ್ ತೊಳೆಯಲು ಇನ್ನೊಂದು ಸಲ. "ಒಂದು ದಿನಕ್ಕೆ ಎರಡು ಸ್ನಾನ, ಬಾಣಂತಿಗೂ ಇಷ್ಟು ಆರೈಕೆ ಆಗಲ್ಲ" ಅಂತ ಒಬ್ಬಾಕೆ ಅಂದಿದ್ದು ನೆನಪಿದೆ.

ಕೆಲಸ ಇಷ್ಟೆ. ಅಲ್ಲಾಡದೆ ಕೂತು ವಾಕ್ಯ ಕೇಳುವುದು, ವಾಕ್ಯ ಮುಗಿದ ಮೇಲೆ ಸರಿ ಇದ್ದರೆ ಹಸಿರು ಗುಂಡಿ, ತಪ್ಪಿದ್ದರೆ ಕೆಂಪು ಗುಂಡಿ ಒತ್ತುವುದು. "ಕೆಲವು ವಾಕ್ಯ ತಪ್ಪಿರುತ್ತವೆ" ಅಂತ ಮೊದಲೇ ಹೇಳುತ್ತಿದ್ದಳು. ಗುಂಡಿ ಬರೀ ಕೇಳುತ್ತಿದ್ದಾರೋ ನಿದ್ದೆ ಮಾಡುತ್ತಿದ್ದಾರೋ ಅಂತ ತಿಳಿಯಲಿಕ್ಕೆ, ನಿಜವಾದ ಉತ್ತರ ಟೋಪಿಯಲ್ಲಿ ಬರುತ್ತದೆ ಅಂತ ನನಗೆ ವಿವರಿಸಿದ್ದಳು. ಬಂದವರು ಬಹಳ ಶಿಸ್ತಾಗಿ ಕೂತರು, ಶಿಸ್ತಾಗಿ ಒತ್ತಿದರು, ಕೆಳಗೆ ಬಂದು ಊಟ ಮಾಡಿ, ಏನೂ ಮಾತಾಡದೆ ವ್ಯಾನು ಹತ್ತಿದರು. ಆ ಮೌನವನ್ನು ನಾನು ಗಮನಿಸಬೇಕಿತ್ತು. ಸೊರಬದ ಕಡೆಯವರು ಉಂಡ ಮೇಲೆ ಸುಮ್ಮನಿರುವ ಜನ ಅಲ್ಲ.

ಮೊದಲ ಗುಂಪು ಮುಗಿದು ಗುಂಡಿಯ ಲೆಕ್ಕ ಅವಳ ಗೈಡಿಗೆ ಹೋಯಿತು. ಮಾರನೇ ದಿನ ಮಧ್ಯಾಹ್ನ ಅವಳು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. "ಹೌದು ಮೇಡಂ", "ಇಲ್ಲ ಮೇಡಂ" ಬಿಟ್ಟರೆ ಬೇರೆ ಮಾತಿಲ್ಲ. ಮುಗಿಸಿ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತಳು.

"ಎಲ್ಲರೂ ಎಲ್ಲದಕ್ಕೂ ಹಸಿರು ಒತ್ತಿದಾರೆ ಸರ್."

"ಎಲ್ಲದಕ್ಕೂ?"

"ಸರಿಗೂ ಹಸಿರು, ತಪ್ಪಿಗೂ ಹಸಿರು. ಈ ಜನಕ್ಕೆ ಕೆಲಸವೇ ಅರ್ಥವಾಗಿಲ್ಲ, ಇಲ್ಲಾಂದ್ರೆ ಗಮನ ಕೊಟ್ಟಿಲ್ಲ, ಇವರನ್ನ ಲೆಕ್ಕದಿಂದ ತೆಗೆದುಹಾಕು ಅಂತ ಹೇಳಿದ್ರು. ಈ ಜಾಗಾನೇ ಬಿಟ್ಟು ವಾಪಸ್ ಬಂದು ಕಾಲೇಜಿನವರ ಮೇಲೇ ಮಾಡು ಅಂತ. ಮಿಷನ್ ಬೇರೆ ವಾಪಸ್ ಕೊಡಬೇಕು."

ಅಂದರೆ ಅವಳು ಇಲ್ಲಿಗೆ ಬಂದ ಉದ್ದೇಶವೇ ಹೋಯಿತು. ಹಳ್ಳಿಯ ಬರೀ-ಕನ್ನಡದ ಕಿವಿ ಅನ್ನುವುದೇ ಅವಳ ಇಡೀ ಪಿಎಚ್‌ಡಿ. ಅದನ್ನು ತೆಗೆದರೆ ಉಳಿಯುವುದು ಈಗಾಗಲೇ ಬೇರೆಯವರು ಮಾಡಿ ಮುಗಿಸಿದ್ದು.

"ಟೋಪಿಯಲ್ಲಿ ಬಂದಿದ್ದನ್ನ ನೋಡಿದೆಯಾ? ಅದರಲ್ಲಿ ಅಲೆ ಎದ್ದಿದ್ದರೆ ಗುಂಡಿ ಕಟ್ಟಿಕೊಂಡು ಏನಾಗಬೇಕು?"

"ನೋಡೋ ಹಾಗಿಲ್ಲ ಸರ್. ಯಾರನ್ನ ಇಟ್ಕೋಬೇಕು, ಯಾರನ್ನ ಬಿಡಬೇಕು ಅನ್ನೋದನ್ನ ಅಲೆ ನೋಡೋಕೆ ಮುಂಚೆಯೇ ತೀರ್ಮಾನ ಮಾಡಬೇಕು. ಇಲ್ಲಾಂದ್ರೆ ನಮಗೆ ಬೇಕಾದವರನ್ನ ಮಾತ್ರ ಆರಿಸಿಕೊಂಡ ಹಾಗೆ ಆಗುತ್ತೆ."

ಈ ನಿಯಮ ನನಗೆ ಮೆಚ್ಚಿಗೆಯಾಯಿತು. ನಮ್ಮ ಧಂದೆಯಲ್ಲಿ ಇಂಥದ್ದೊಂದಿದ್ದರೆ ನಾನು ಇಷ್ಟು ಮುಂದೆ ಬರುತ್ತಿರಲಿಲ್ಲ. ಆದರೂ ಸಲಹೆ ಕೊಡುವುದನ್ನು ಬಿಡಲಿಲ್ಲ. ಗೌರವಧನ ಹೆಚ್ಚು ಮಾಡು ಅಂದೆ. ಬಸ್ಸಿನ ಹೊತ್ತಾಯಿತು ಅಂತ ಅವಸರದಲ್ಲಿ ಒತ್ತಿರಬೇಕು, ಬೆಳಿಗ್ಗೆ ಬೇಗ ಕರೆಸು ಅಂದೆ. ಅವರು ಬಂದಿದ್ದು ನಿಮ್ಮ ವ್ಯಾನಿನಲ್ಲಲ್ಲವಾ ಅಂತ ಅವಳು ನೆನಪಿಸಿದಳು. ಕೆಂಪು, ಹಸಿರು ಅದಲುಬದಲು ಮಾಡು ಅಂತಲೂ ಹೇಳಿದೆ. ಯಾವುದೂ ಕೆಲಸಕ್ಕೆ ಬರುವಂಥದ್ದಲ್ಲ ಅಂತ ಹೇಳುವಾಗಲೇ ನನಗೂ ಗೊತ್ತಿತ್ತು. ಅವಳು ಮೇಲೆ ಹೋಗಿ ಗೋಡೆಯ ಹಾಸಿಗೆಗಳನ್ನು ಇಳಿಸತೊಡಗಿದಳು.

ಅದೇ ವಾರ ಒಬ್ಬ ರೈತನ ಟಿಲ್ಲರ್ ವಿಷಯಕ್ಕೆ ಕುಪ್ಪಗಡ್ಡೆಗೆ ಹೋಗಬೇಕಾಯಿತು. ಆ ರೈತನೂ ಅವನ ಹೆಂಡತಿಯೂ ಮೊದಲ ಗುಂಪಿನಲ್ಲಿ ಟೋಪಿ ಹಾಕಿಸಿಕೊಂಡಿದ್ದವರು. ಟಿಲ್ಲರಿನ ಮಾತು ಮುಗಿದು ಮಜ್ಜಿಗೆ ಬಂತು. ಅವನು ದನಿ ತಗ್ಗಿಸಿ ಕೇಳಿದ:

"ಮೇಷ್ಟ್ರ ವಿಷಯ ಎಂತಾಯ್ತು?"

"ಎಂತ ವಿಷಯ?"

"ಅದೇ, ಪರೀಕ್ಷೆ. ಪಾಸಾದ್ರಾ?"

"ಪರೀಕ್ಷೆ ಮೇಷ್ಟ್ರಿಗಲ್ಲ ಮಾರಾಯ, ನಿಮಗೆ."

ಅವನು ಹೆಂಡತಿಯ ಕಡೆ ನೋಡಿ ನಕ್ಕ. ದೊಡ್ಡವರು ಮುಚ್ಚಿಡುವ ವಿಷಯ ತನಗೆ ಗೊತ್ತಿದೆ ಅನ್ನುವ ಹಾಗಿತ್ತು ಆ ನಗು. "ನಮಗೂ ಹಂಗೇ ಹೇಳಿದ್ರು. ಮೇಷ್ಟ್ರ ಮಾತು ಕೇಳಿಸಿ, ಇದು ಸರಿಯಾ ತಪ್ಪಾ ಅಂತ ನಮ್ಮನ್ನ ಕೇಳಿದ್ರೆ ಪರೀಕ್ಷೆ ಯಾರಿಗೆ ಅಂತ ನಮಗೆ ತಿಳಿಯಲ್ವಾ?"

"ಪಾಪ, ವಯಸ್ಸಾಯ್ತು ಅವರಿಗೆ," ಅಂದಳು ಹೆಂಡತಿ. "ಒಂದು ಮಾತು ನೆಟ್ಟಗೆ ಬಂದ್ರೆ ಇನ್ನೊಂದು ತಪ್ತಿತ್ತು. ಅಜ್ಜಿ ಹೋದನು ಅಂತಾರೆ. ಎಂಥಾ ಮೇಷ್ಟ್ರು ಹೆಂಗಾಗಿಬಿಟ್ರು."

"ಮೇಷ್ಟ್ರ ಮಾತಲ್ಲಿ ತಪ್ಪಿರುತ್ತೆ ಅಂತ ಕರೆಯೋವಾಗಲೇ ಹೇಳಿದ್ರಲ್ಲ, ಪೆನ್ಷನ್ನಿಗೆ ಏನಾದ್ರೂ ಕಲ್ಲು ಹಾಕ್ತಾರೇನೋ ಅಂತ ಆಗಲೇ ಅನುಮಾನ ಬಂತು," ಅಂದ ಅವನು. "ತಲೆ ನೆಟ್ಟಗಿಲ್ಲ ಅಂತ ಬರೆದುಬಿಟ್ರೆ? ಅದಕ್ಕೇ ನಾನು ವ್ಯಾನಲ್ಲೇ ಎಲ್ಲರಿಗೂ ಹೇಳಿದೆ, ಏನೇ ಕೇಳಿಸಲಿ, ಹಸಿರೇ ಒತ್ತಿ ಅಂತ. ಆಮೇಲಿನವರಿಗೂ ಹೇಳಿ ಕಳಿಸಿದ್ವಿ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ನನ್ನ ವ್ಯಾನಿನಲ್ಲೇ, ನನ್ನ ಬೆನ್ನ ಹಿಂದೆಯೇ ಈ ಒಪ್ಪಂದ ಆಗಿತ್ತು. ಇಷ್ಟು ವರ್ಷ ದಲ್ಲಾಳಿಯಾಗಿದ್ದೂ ನನಗೆ ಸುಳಿವು ಹತ್ತಿರಲಿಲ್ಲ.

"ತಪ್ಪು ಬಂದಾಗ ನಿನಗೆ ಗೊತ್ತಾಗ್ತಿತ್ತಾ?" ಅಂತ ಅವನ ಹೆಂಡತಿಯನ್ನು ಕೇಳಿದೆ.

"ಗೊತ್ತಾಗದೆ? ಒಂದೊಂದಕ್ಕೂ ಕೈ ಕೆಂಪಿನ ಕಡೆಗೇ ಹೋಗ್ತಿತ್ತು. ಆದ್ರೂ ಹಸಿರೇ."

ಟಿಲ್ಲರಿನ ಮಾತು ಇನ್ನೂ ಸ್ವಲ್ಪ ಎಳೆಯುವುದಿತ್ತು, ಎಳೆಯಲಿಲ್ಲ. ಸೀದಾ ವಾಪಸು ಬಂದು ಹುಡುಗಿಗೆ ಇದನ್ನೆಲ್ಲ ಹೇಳಿದೆ, ಅವರ ಬಾಯಲ್ಲಿ ಬಂದ ಹಾಗೇ. ಅವಳು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದಳು. ಅಲ್ಲೇ ಗೈಡಿಗೆ ಫೋನು ಮಾಡಿದಳು. ಈ ಸಲ ಅವಳ ಮಾತೇ ಜಾಸ್ತಿ ಇತ್ತು.

ಗೈಡು ಕಟ್ಟುನಿಟ್ಟಿನ ಹೆಂಗಸು, ಆದರೆ ಕಿವಿ ಮುಚ್ಚಿಕೊಂಡವರಲ್ಲ. ಕಥೆ ಚೆನ್ನಾಗಿದೆ, ಕಥೆಯನ್ನು ನಂಬಿ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ ಅಂದರಂತೆ. ಅದೇ ಊರುಗಳಿಂದ ಹೊಸ ಗುಂಪು ತಗೋ, ವಾಕ್ಯಗಳನ್ನು ಬೇಕಂತಲೇ ತಪ್ಪು ಮಾಡಿಸಿದ್ದು ಅನ್ನುವುದು ಅವರಿಗೆ ಮನದಟ್ಟಾಗಲಿ. ಅವರು ಕೆಂಪನ್ನು ಸರಿಯಾಗಿ ಒತ್ತಿದರೆ ಹೊಸ ಗುಂಪು ಉಳಿಯುತ್ತದೆ. ಹಳೇ ಗುಂಪಿನ ಅಲೆಯೂ ಅದೇ ಜಾಗದಲ್ಲಿ ಎದ್ದಿದ್ದರೆ ಅದನ್ನೂ ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಎರಡನೇ ಮಾತಿಲ್ಲ, ಮಿಷನ್ ಕಟ್ಟಿಕೊಂಡು ಬಾ. ಮಿಷನ್ ಹಿಂದಿರುಗಿಸಲು ಸ್ವಲ್ಪ ದಿನ ಮುಂದಕ್ಕೆ ಹಾಕಿಸಿಕೊಟ್ಟರು, ಅಷ್ಟೆ.

ಮನದಟ್ಟು ಮಾಡಿಸುವುದು ಯಾರು? ಮೇಷ್ಟ್ರ ತಲೆ ಕೆಟ್ಟಿದೆ ಅನ್ನುವ ಸುದ್ದಿ ಆ ಭಾಗದಲ್ಲಿ ಪೂರ್ತಿ ಹಬ್ಬಿತ್ತು. ನಾನು ಹೇಳಿದರೆ ಅದನ್ನೂ ಮುಚ್ಚಿಡುವ ಮಾತು ಅಂತಲೇ ತಿಳಿಯುತ್ತಿದ್ದರು. ಮೇಷ್ಟ್ರೇ ಬಾಯಿಬಿಟ್ಟು ಹೇಳಬೇಕು. ಇಬ್ಬರೂ ಅವರ ಮನೆಗೆ ಹೋದೆವು.

ಮೇಷ್ಟ್ರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ನಾನು ವಿಷಯವನ್ನು ಸುತ್ತಿ ಬಳಸಿ ಇಳಿಸಿದೆ. ಕೇಳಿ ಮುಗಿದ ಮೇಲೆ ಕನ್ನಡಕ ತೆಗೆದರು.

"ಅದಕ್ಕೇನಾ ಮೊನ್ನೆಯಿಂದ ಒಬ್ಬೊಬ್ಬರೇ ಬಂದು ರಾತ್ರಿ ನಿದ್ದೆ ಬರುತ್ತಾ, ಊಟ ಸೇರುತ್ತಾ ಅಂತ ಕೇಳಿ ಹೋಗ್ತಿರೋದು? ನಿನ್ನೆ ಒಬ್ಬ ಬಂದು, ಇವತ್ತು ಯಾವ ವಾರ ಮೇಷ್ಟ್ರೇ ಅಂದ. ಅವನಿಗೆ ವಾರ ಗೊತ್ತಿಲ್ವೇನೋ ಅಂತ ನಾನು ಪಂಚಾಂಗ ತಂದು ತೋರಿಸಿದೆ."

ನಾನು ನಗಲಿಲ್ಲ. ಹುಡುಗಿಯೂ ನಗಲಿಲ್ಲ.

"ಊರೆಲ್ಲ ನನ್ನನ್ನ ಮರುಳ ಅಂದ್ಕೊಂಡಿದೆ. ಸಾಕು, ನನ್ನ ಪಾಡಿಗೆ ಬಿಡಿ. ನಿಮ್ಮ ಕೆಲಸಕ್ಕೆ ಬೇರೆ ದನಿ ಹುಡುಕ್ಕೊಳ್ಳಿ."

ನಾನು ಚೌಕಾಸಿಗೆ ಇಳಿದೆ. ಊರಿನ ಅನುಮಾನ ನಿವಾರಣೆಯಾಗಲು ಇದೇ ದಾರಿ ಅಂದೆ, ವ್ಯಾನು ಮನೆ ಬಾಗಿಲಿಗೆ ಬರುತ್ತದೆ ಅಂದೆ, ನಾಲ್ಕು ಜನರ ಮುಂದೆ ಒಂದು ಶಾಲು ಹೊದಿಸೋಣ ಅಂದೆ. ಶಾಲಿನ ಮಾತು ಬಂದಾಗ ಅವರು ಪೇಪರ್ ಮತ್ತೆ ಎತ್ತಿಕೊಂಡರು. ಕೊಳ್ಳುವವನು ಮುಖ ಮುಚ್ಚಿಕೊಂಡ ಮೇಲೆ ದರ ಇಳಿಸುತ್ತ ಹೋಗುವುದು ದಡ್ಡತನ, ನಿಲ್ಲಿಸಿದೆ.

ಪೇಪರಿನ ಹಿಂದಿನಿಂದಲೇ ಅವರು ಹುಡುಗಿಯನ್ನು ಕೇಳಿದರು: "ಅವರು ಹಸಿರು ಒತ್ತಿದ್ದು ಸರಿ. ತಪ್ಪು ಅವರಿಗೆ ಗೊತ್ತಾಗಿದೆ ಅಂತ ನಿನ್ನ ಮಿಷನ್ ಹೇಳಿದೆಯೇನಮ್ಮ?"

ನಾನಾಗಿದ್ದರೆ ಹೌದು ಅನ್ನುತ್ತಿದ್ದೆ. ಅವರಿಗೆ ಬೇಕಿದ್ದುದು ಅದೊಂದೇ ಮಾತು ಅಂತ ಕಾಣುತ್ತಲೇ ಇತ್ತು.

"ಗೊತ್ತಿಲ್ಲ ಸರ್," ಅಂದಳು ಅವಳು. "ಇನ್ನೂ ನೋಡಿಲ್ಲ. ಹೊಸ ಗುಂಪು ಮುಗಿಯೋವರೆಗೆ ನೋಡೋ ಹಾಗೂ ಇಲ್ಲ. ನೋಡಿದಾಗ ಗೊತ್ತಾಗಿಲ್ಲ ಅಂತಾನೂ ಬರಬಹುದು."

"ಬಂದ್ರೆ?"

"ಬಂದ್ರೆ ಹಾಗೇ ಬರೀತೀನಿ. ಜಾಗ ಬಿಟ್ಟು ಹೋಗ್ತೀನಿ."

ಮೇಷ್ಟ್ರು ಪೇಪರ್ ಮಡಚಿಟ್ಟರು. "ಎಷ್ಟು ಹೊತ್ತಿಗೆ ವ್ಯಾನು?" ಅಂತ ನನ್ನನ್ನು ಕೇಳಿದರು. ಇದನ್ನು ಹೇಗೆ ವಿವರಿಸುವುದೋ ನನಗೆ ಈಗಲೂ ತಿಳಿಯದು. ಇಲ್ಲದ ಸರಕನ್ನು ಇಲ್ಲ ಅಂತಲೇ ಹೇಳಿ ವ್ಯಾಪಾರ ಕುದುರಿಸಿದವರನ್ನು ನಾನು ಕಂಡಿದ್ದು ಅದೊಂದೇ ಸಲ. ಎಲ್ಲರಿಗೂ ಇದನ್ನು ಮಾಡಿ ನೋಡಿ ಅಂತ ಹೇಳಲಾರೆ.

ಹೊಸ ಗುಂಪು ಬಂದ ಬೆಳಿಗ್ಗೆ ಮೇಷ್ಟ್ರು ನನ್ನ ಅಂಗಡಿಯ ಮುಂದೆ, ಎರಡು ಟ್ರ್ಯಾಕ್ಟರುಗಳ ನಡುವೆ ನಿಂತರು. ಎಣ್ಣೆ ತೊಳೆದ ತಲೆಗಳು, ಟವೆಲ್ ಸುತ್ತಿದ ಹೆಂಗಸರು. ಹಳೇ ಗುಂಪಿನ ಟಿಲ್ಲರಿನವನೂ ಬಂದು ಹಿಂದೆ ನಿಂತಿದ್ದ.

"ನನಗೇನೂ ಆಗಿಲ್ಲ. ವಾರ, ತಿಥಿ ಎಲ್ಲ ಗೊತ್ತಿದೆ," ಅಂದರು ಮೇಷ್ಟ್ರು. "ಆ ತಪ್ಪುಗಳನ್ನ ಈ ಹುಡುಗಿ ಬರೆದುಕೊಟ್ಟು ನನ್ನ ಕೈಲಿ ಓದಿಸಿದ್ದು. ನಾನು ಬೋರ್ಡಿನ ಮೇಲೆ ಬೇಕಂತಲೇ ತಪ್ಪು ಬರೆದು ಯಾರು ಹಿಡೀತೀರಿ ಅಂತ ಕೇಳ್ತಿರಲಿಲ್ವಾ? ಇದೂ ಅದೇ. ಹಿಡಿದೋರು ನನ್ನ ಶಾಲೆಯವರು. ಬಿಟ್ಟೋರು ಪಕ್ಕದ ಊರಿನ ಶಾಲೆಯವರು ಅಂದ್ಕೋತೀನಿ."

ಜನ ನಕ್ಕರು. ಯಾರೋ ಹಿಂದಿನಿಂದ, "ಹಂಗಾದ್ರೆ ಪೆನ್ಷನ್ ಮೇಷ್ಟ್ರೇ?" ಅಂದರು.

"ತಿಂಗಳು ತಿಂಗಳು ಬರ್ತಾ ಇದೆ. ಇವರು ನಿನಗೆ ಕೊಡಿಸಿದ ಟ್ರ್ಯಾಕ್ಟರಿಗಿಂತ ನಿಯತ್ತಾಗಿ."

ಆ ದಿನ ಊಟದ ಹೊತ್ತಿಗೆ ಮೌನ ಇರಲಿಲ್ಲ. ಟೋಪಿ ತೆಗೆಸಿಕೊಂಡು ಕೆಳಗೆ ಬಂದವರೆಲ್ಲ ಮೇಷ್ಟ್ರ ಹತ್ತಿರ ಹೋಗಿ ತಾವು ಹಿಡಿದ ತಪ್ಪುಗಳನ್ನು ಒಪ್ಪಿಸಿದರು. ಹಸುಗಳ ವಾಕ್ಯ ಎಲ್ಲರಿಗೂ ಸಿಕ್ಕಿತ್ತು. ಒಬ್ಬ ಮುದುಕಿ ಮಾತ್ರ ಸರಿಯಾದ ಒಂದು ವಾಕ್ಯಕ್ಕೂ ಕೆಂಪು ಒತ್ತಿದ್ದಳು. ಯಾಕೆ ಅಂದರೆ, "ಅತ್ತೆ ಸೊಸೆಗೆ ಬಳೆ ಕೊಡಿಸಿದಳು ಅಂತ ಬಂತು. ಅದು ಹೆಂಗೆ ಸರಿಯಾಗುತ್ತೆ?" ಅಂದಳು. ಹುಡುಗಿ ಅವಳ ಮಾತನ್ನು ಗಂಭೀರವಾಗಿ ಕೇಳಿಕೊಂಡಳು. ಅಂಥ ತಪ್ಪಿಗೆ ಬೇರೆ ಥರದ ಅಲೆ ಏಳುತ್ತದೆ, ಅದು ಬೇರೆಯವರ ಪಿಎಚ್‌ಡಿ ಅಂತ ನನಗೆ ಆಮೇಲೆ ಹೇಳಿದಳು.

ಗುಂಡಿಯ ಲೆಕ್ಕ ಗೈಡಿಗೆ ಹೋಯಿತು, ಒಪ್ಪಿಗೆ ಬಂತು. ಆಮೇಲೆ ಅವಳು ಅಲೆಗಳನ್ನು ತೆಗೆಯಲು ಕೂತಳು. ಅದೊಂದು ದೊಡ್ಡ ಕಸ ತೆಗೆಯುವ ಕೆಲಸ. ಕಣ್ಣು ಮಿಟುಕಿಸಿದ್ದು, ಹಲ್ಲು ಕಚ್ಚಿದ್ದು, ಕೆಮ್ಮಿದ್ದು, ವೆಲ್ಡಿಂಗಿನವನು ಮಾತು ತಪ್ಪಿ ಕಿಡಿ ಹಾರಿಸಿದ್ದು, ಎಲ್ಲವನ್ನೂ ಆರಿಸಿ ಬಿಸಾಡಬೇಕು. ದಿನಗಟ್ಟಲೆ ಮೇಲಿನಿಂದ ಇಳಿದು ಬರಲಿಲ್ಲ. ನನ್ನ ಹೆಂಡತಿ ಊಟ ಮೇಲಕ್ಕೇ ಕಳಿಸಿದಳು. ನಾನು ಮೆಟ್ಟಿಲ ತನಕ ಹೋಗಿ ಒಂದೆರಡು ಸಲ ಕೆಮ್ಮಿ ವಾಪಸು ಬಂದೆ.

ಕೊನೆಗೆ ಅವಳೇ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಬಂದಳು. ಮೇಷ್ಟ್ರಿಗೂ ಟಿಲ್ಲರಿನವನಿಗೂ ಮೊದಲೇ ಬರಲು ಹೇಳಿ ಕಳಿಸಿದ್ದಳು. ಪರದೆಯ ಮೇಲೆ ಎರಡು ಗೆರೆ, ಒಂದು ಕೆಂಪು, ಒಂದು ಹಸಿರು. ಕೆಂಪು ಹೊಸ ಗುಂಪಿನದು, ಹಸಿರು ಹಳೆಯದು. ಎರಡೂ ಸ್ವಲ್ಪ ದೂರ ಚಪ್ಪಟೆಯಾಗಿ ಜೊತೆಯಲ್ಲೇ ಬಂದು, ತಪ್ಪು ಪದ ಬಿದ್ದ ಜಾಗ ದಾಟಿದ ಮೇಲೆ ಒಟ್ಟಿಗೇ ಮೇಲೆದ್ದಿದ್ದವು.

"ಹಸಿರು ಸ್ವಲ್ಪ ಗಿಡ್ಡ. ಕೆಂಪು ಒತ್ತೋ ಉದ್ದೇಶ ಇಲ್ಲದಿದ್ದಾಗ ಹಾಗಾಗೋದುಂಟು," ಅಂದಳು. "ಆದ್ರೆ ಜಾಗ ಅದೇ, ಹೊತ್ತೂ ಅದೇ. ಒಬ್ಬೊಬ್ಬರದ್ದು ಏನು ಅಂತ ನಾನು ಹೇಳೋಕಾಗಲ್ಲ, ಗುಂಪಿನದ್ದು ಹೇಳಬಲ್ಲೆ. ಗೊತ್ತಾಗಿದೆ."

ಟಿಲ್ಲರಿನವನು ಪರದೆಯ ಹತ್ತಿರ ಬಗ್ಗಿ ನೋಡಿದ. "ನಾವು ಏನೂ ತೋರಿಸ್ಕೊಳ್ಳದೆ ಕೂತಿದ್ವಿ ಅಂದ್ಕೊಂಡಿದ್ವಿ," ಅಂದ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ತಪ್ಪು ತಿಳೀಬೇಡಿ ಮೇಷ್ಟ್ರೇ," ಅಂದ.

"ಯಾವುದಕ್ಕೋ? ಹಸಿರು ಒತ್ತಿದ್ದಕ್ಕೋ, ಈ ಗೆರೆ ಎದ್ದಿದ್ದಕ್ಕೋ?"

ಮೇಷ್ಟ್ರು ಉತ್ತರಕ್ಕೆ ಕಾಯಲಿಲ್ಲ. ಪರದೆಯ ಮೇಲಿನ ಹಸಿರು ಗೆರೆಯನ್ನು ಎಡಗಡೆಯಿಂದ ಬಲಗಡೆಗೆ, ಏರಿದ ಜಾಗದಲ್ಲಿ ಬೆರಳು ನಿಧಾನಿಸಿ, ಗಾಜಿಗೆ ಮುಟ್ಟದ ಹಾಗೆ ತೋರಿಸುತ್ತ ಹೋದರು.

ಗೈಡಿನ ಉತ್ತರ ಬಂದಾಗ ನಾಲ್ವರೂ ಇನ್ನೂ ಅಲ್ಲೇ ಇದ್ದೆವು. ಎರಡೂ ಗುಂಪು ಇಟ್ಟುಕೋ, ಹಳೇ ಗುಂಪಿಗೆ ಬೇರೆ ಅಧ್ಯಾಯ ಮಾಡು, ಜನ ಯಾಕೆ ಹಾಗೆ ಒತ್ತಿದರು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆ ಅಂತ. ಹುಡುಗಿ ಅದನ್ನು ಓದಿ ಹೇಳಿ ಲ್ಯಾಪ್‌ಟಾಪ್ ಮುಚ್ಚಿದಳು. ಇಷ್ಟು ದಿನದಲ್ಲಿ ಅವಳು ಕುರ್ಚಿಗೆ ಪೂರ್ತಿ ಬೆನ್ನು ಕೊಟ್ಟು ಕೂತಿದ್ದನ್ನು ಆಗಲೇ ಮೊದಲು ನೋಡಿದೆ.

"ನಮ್ಮ ಹೆಸರೆಲ್ಲ ಬರೀತಿಯೇನಮ್ಮ?" ಅಂದರು ಮೇಷ್ಟ್ರು.

"ಹೆಸರು ಬರೆಯೋ ಹಾಗಿಲ್ಲ ಸರ್. ಕೇಳಿದವರದ್ದೂ ಇಲ್ಲ, ಓದಿದವರದ್ದೂ ಇಲ್ಲ. ತಾಲ್ಲೂಕಿನ ಹೆಸರು ಇರುತ್ತೆ. ಸೊರಬ ತಾಲ್ಲೂಕಿನ ಕನ್ನಡ ಕೇಳುಗರು ಅಂತ."

"ಅಷ್ಟು ಸಾಕು," ಅಂದರು ಅವರು.

ನನಗೆ ಸಾಕಾಗಲಿಲ್ಲ. "ಶಿಕಾರಿಪುರಾನೂ ಸೇರಿಸು," ಅಂದೆ. "ಮಿಷನ್ ಕೂತಿದ್ದು ಇಲ್ಲಿ, ನೀರು ಕಾಯಿಸಿದ್ದು ಇಲ್ಲಿ, ಊಟ ಹಾಕಿದ್ದು ಇಲ್ಲಿ."

"ಯಾರ ಮಿದುಳೋ ಅವರ ಊರು ಮಾತ್ರ ಸರ್."

ನಾನು ಇನ್ನೂ ಎರಡು ಥರ ಕೇಳಿ ನೋಡಿದೆ, ಕೊನೆಯ ತಿಂಗಳ ಬಾಡಿಗೆಯ ವಿಷಯವನ್ನೂ ನಯವಾಗಿ ಎತ್ತಿದೆ. ಅವಳ ಮುಖ ಯಾವ ಕಡೆಗೂ ಅಲ್ಲಾಡಲಿಲ್ಲ. ಸೊರಬ ಒಂದೇ ಉಳಿಯಿತು.